ಮೂರನೆಯ ಚರಣದವರೆಗೆ

“ಕಾಲು ನಿಲ್ಲಿಸಬೇಡಮ್ಮ, ತುಳೀತಾನೇ ಇರು,” ಎಂದು ಹೊಲಿಗೆ ಯಂತ್ರದ ಕೆಳಗಿನಿಂದ ಮಗಳ ದನಿ ಬಂತು.

ಅವಳ ತಲೆಯೂ ಒಂದು ತೋಳೂ ಯಂತ್ರದ ಕಬ್ಬಿಣದ ಕಾಲುಗಳ ನಡುವೆ ತೂರಿದ್ದವು. ಉಳಿದ ಮೈ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಚಾಚಿಕೊಂಡಿತ್ತು. ಫೋನನ್ನು ನೆಟ್ಟಗೆ ನಿಲ್ಲಿಸಿ ಹಿಡಿದಿದ್ದಳು. ಪರದೆಯ ತುಂಬ ಅಮ್ಮನ ಬರಿಗಾಲುಗಳು, ಅವುಗಳ ಕೆಳಗೆ ಏರಿಳಿಯುವ ಪೆಡಲ್ಲು, ಪಕ್ಕದಲ್ಲಿ ತಿರುಗುವ ಚಕ್ರ. ಮೇಲಿನಿಂದ ಹಾಡು ಇಳಿದು ಬರುತ್ತಿತ್ತು:

ಓಡು ಓಡು ಸೂಜಿಯೇ, ದಾರ ಹಿಂದೆ ಬರುತಿದೆ
ಹರಿದುದೆಲ್ಲ ಕೈಗೆ ನೆನಪು, ಬಟ್ಟೆ ಮರೆತು ನಗುತಿದೆ

ಎರಡನೆಯ ಸಾಲು ಮುಗಿಯುವುದಕ್ಕೆ ಸರಿಯಾಗಿ ಪರದೆಯೊಳಗೆ ದೊಡ್ಡದೊಂದು ಕಾಲುಚೀಲ ಬಂದು ನಿಂತಿತು. ಹೆಬ್ಬೆರಳಿನ ಬಳಿ ತೂತು.

“ಅಪ್ಪ,” ಎಂದಳು ಮಗಳು, ಅಳುವ ದನಿಯಲ್ಲಿ.

“ಇದರ ಜೋಡಿ ನಿನ್ನ ಬೆನ್ನ ಕೆಳಗಿದೆ. ಅರ್ಧ ಗಂಟೆಯಿಂದ ಹುಡುಕ್ತಿದೀನಿ,” ಎಂದ ಅಪ್ಪ. “ಲಿಫ್ಟಿನಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದಾರಂತೆ. ನಿಮ್ಮ ಸಿನಿಮಾ ಮುಗಿಯೋವರೆಗೂ ಅವರು ಉಸಿರು ಬಿಗಿಹಿಡಿದಿರಲಿ ಅಂತೀಯಾ?”

ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅಜ್ಜಿ, ದರ್ಜಿಯ ಗಂಡನ ಕಾಲುಚೀಲಕ್ಕೇ ತೂತು ಎಂಬುದನ್ನು ಜಗತ್ತೆಲ್ಲ ನೋಡಲಿ, ಅದನ್ನೇ ಹಾಕು ಪಿಟೀಲು, ಎಂದಳು. ಪಿಟೀಲು ಎಂಬುದು ಮಗಳನ್ನು ಮನೆಯಲ್ಲಿ ಕರೆಯುವ ಹೆಸರು. ಹುಟ್ಟಿದ ದಿನ ಅವಳು ಅತ್ತ ಅಳುವನ್ನು ಕೇಳಿ ಅಜ್ಜಿಯೇ ಇಟ್ಟದ್ದು. ಅಮ್ಮ ಪೆಡಲ್ಲು ನಿಲ್ಲಿಸಲಿಲ್ಲ. ನಿಲ್ಲಿಸಬೇಡ ಎಂದು ಮಗಳು ಹೇಳಿದ್ದಳಲ್ಲ.

ಅಪ್ಪ ಲಿಫ್ಟ್ ರಿಪೇರಿಯವನು. ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ಮಗಳು ಎರಡು ಬೀದಿ ಆಚೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸಿ ಚೌಕಟ್ಟಿಗೆ ಕೂರಿಸುವ ಕೆಲಸದಲ್ಲಿದ್ದಳು. ಈ ಎರಡು ತಿಂಗಳ ಮಟ್ಟಿಗೆ ಅರ್ಧ ದಿನ ಮಾತ್ರ ಬರುತ್ತೇನೆಂದು ಯಜಮಾನನಿಗೆ ಹೇಳಿ ಒಪ್ಪಿಸಿದ್ದಳು. ಎರಡು ತಿಂಗಳು ಎಂಬ ಗಡುವು ಅವಳದಲ್ಲ. ನಗರದ ದೊಡ್ಡ ಸಭಾಂಗಣದವರು ಹೊಸ ದನಿಗಳಿಗಾಗಿ ಒಂದು ಸಂಜೆ ಏರ್ಪಡಿಸಿದ್ದರು. ಆಯ್ಕೆಗೆ ಸಮಿತಿ ಗಿಮಿತಿ ಏನೂ ಇರಲಿಲ್ಲ. ಹಾಡಿನ ವಿಡಿಯೊ ಅಂತರ್ಜಾಲದ ತಾಣಗಳಲ್ಲಿ ಎಲ್ಲ ಸೇರಿ ಐವತ್ತು ಸಾವಿರ ವೀಕ್ಷಣೆ ಕಂಡಿರಬೇಕು, ಅಷ್ಟೆ. ಕಂಡರೆ ವೇದಿಕೆ, ಬೆಳಕು, ಹಿಂದೆ ಸಾಲಾಗಿ ಕೂತ ವಾದ್ಯದವರು. ಅಮ್ಮ ಇಷ್ಟು ವರ್ಷ ಹಾಡಿದ್ದು ಒಂದೇ ವಾದ್ಯದ ಜೊತೆಗೆ, ಅದಕ್ಕೆ ತಿಂಗಳಿಗೊಮ್ಮೆ ಎಣ್ಣೆ ಬಿಡಬೇಕು. ಅವಳನ್ನು ನಿಜವಾದ ವಾದ್ಯಗಳ ಮುಂದೆ ನಿಲ್ಲಿಸಿಯೇ ತೀರುತ್ತೇನೆ ಎಂದು ಮಗಳು ಹಟ ಹಿಡಿದಿದ್ದಳು.

ಹಾಡು ಅಮ್ಮನದೇ. ಪದವೂ ಅವಳದು, ಧಾಟಿಯೂ ಅವಳದು. ಪಲ್ಲವಿ, ಮೂರು ಚರಣ. ಮೂರನೆಯದನ್ನು ಅವಳು ಮನೆಯಲ್ಲಿ ಗಟ್ಟಿಯಾಗಿ ಹಾಡುತ್ತಿರಲಿಲ್ಲ. ಆ ಹೊತ್ತಿಗೆ ಗಿರಾಕಿಯೋ ಹಾಲಿನವನೋ ಬಂದುಬಿಡುತ್ತಿದ್ದರು, ಅಥವಾ ಅವಳೇ ಗುನುಗಿಗೆ ಇಳಿದುಬಿಡುತ್ತಿದ್ದಳು. ವಿಡಿಯೊದಲ್ಲಿ ಮಾತ್ರ ಪೂರ್ತಿ ಹಾಡಿದ್ದಳು.

ಮಗಳು ಅದನ್ನು ಮೂರು ತಾಣಗಳಲ್ಲಿ ಹಾಕಿದ್ದಳು. ಅವುಗಳ ಇಂಗ್ಲಿಷ್ ಹೆಸರು ಅಜ್ಜಿಯ ಬಾಯಿಗೆ ಹತ್ತಲಿಲ್ಲವಾಗಿ ಅವಳು ತನ್ನದೇ ಹೆಸರಿಟ್ಟುಕೊಂಡಳು: ಫೋನನ್ನು ಮಲಗಿಸಿ ನೋಡುವುದು ‘ಮಲಗಿದ್ದು’, ನಿಲ್ಲಿಸಿ ನೋಡುವುದು ‘ನಿಂತಿದ್ದು’, ಫೋಟೊಗಳ ನಡುವೆ ಬರುವುದು ‘ಚೌಕದ್ದು’. ವಾರ ಕಳೆಯುವಷ್ಟರಲ್ಲಿ ಮನೆಯವರೆಲ್ಲ ಹಾಗೇ ಕರೆಯುತ್ತಿದ್ದರು. ಮಲಗಿದ್ದರಲ್ಲಿ ಪೂರ್ತಿ ಹಾಡು. ನಿಂತಿದ್ದನ್ನು ನೋಡುವವರಿಗೆ ತಾಳ್ಮೆ ಇಲ್ಲ, ಕಣ್ಣು ಮಿಟುಕಿಸುವುದರೊಳಗೆ ಹಿಡಿಯಬೇಕು. ಅದಕ್ಕೇ ಕಾಲು, ಚಕ್ರ, ಕತ್ತರಿಯ ಚೂರುಪಾರು ಚಿತ್ರಗಳು. ಚೌಕದ್ದನ್ನು ನೋಡುವವರು ಶಬ್ದ ಹಾಕದೆ ಓದುವವರು. ಅವರಿಗೆ ಹಾಡಿನ ಸಾಲನ್ನು ಬಟ್ಟೆಯ ಮೇಲೆ ದಾರದಲ್ಲಿ ಹೊಲಿದು ತೋರಿಸಬೇಕು. ಆ ದಾರದ ಅಕ್ಷರಗಳನ್ನು ಅಮ್ಮ ಗಿರಾಕಿಗಳ ಬಟ್ಟೆ ಬದಿಗಿಟ್ಟು ಹೊಲಿದಳು, ಗಿರಾಕಿಗಳಿಂದ ಬೈಸಿಕೊಂಡಳು.

ಮಲಗಿದ್ದರಲ್ಲಿ ವಿಡಿಯೊದ ಮುಖಕ್ಕೆ ಹಾಕುವ ಚಿತ್ರವನ್ನು ಪರೀಕ್ಷಿಸಲು ಮಗಳು ಒಂದು ಉಪಾಯ ಕಂಡುಕೊಂಡಿದ್ದಳು. ಕಣ್ಣು ಪರೀಕ್ಷೆಯ ಗಾಜುಗಳಲ್ಲಿ ಒಡೆದದ್ದೆಂದು ಬಿಸಾಡಿದ ನಾಲ್ಕಾರನ್ನು ಅಂಗಡಿಯಿಂದ ಕೇಳಿ ತಂದಿದ್ದಳು. ಅವನ್ನು ಒಂದರ ಮೇಲೊಂದು ಕಣ್ಣಿಗೆ ಹಿಡಿದು, ಎಲ್ಲ ಮಸುಕಾದ ಮೇಲೂ ಚಿತ್ರ ಗುರುತು ಸಿಕ್ಕರೆ ಪಾಸು. ಆಮೇಲೆ ಅಜ್ಜಿಯ ಪೊರೆ ಬಂದ ಕಣ್ಣಿನ ಮುಂದೆ ಹಿಡಿಯುವುದು.

“ಏನು ಕಾಣ್ತಿದೆ ಅಜ್ಜಿ?”

“ಇಲಿ.”

“ಕತ್ತರಿ ಅಜ್ಜಿ ಅದು.”

“ಬಾಲ ಇದೆಯಲ್ಲೇ.”

ಕತ್ತರಿಯ ಹಿಡಿಗೆ ಸುತ್ತಿದ್ದ ದಾರವನ್ನು ತೆಗೆದು ಮತ್ತೆ ಚಿತ್ರ ತೆಗೆದಳು. ಹೀಗೆ ಒಂದೊಂದಕ್ಕೂ. ಮಗಳು ಕ್ಯಾಮೆರಾ ಹಿಡಿದರೆ, ಅಮ್ಮ ಯಂತ್ರದ ಮುಂದೆ ಕೂತರೆ, ಒಲೆಯ ಮುಂದೆ ನಿಲ್ಲುವವಳು ಅಜ್ಜಿಯೇ. ಉಪ್ಪು ಹಾಕಿದ್ದು ಅವಳಿಗೆ ನೆನಪಿರುತ್ತಿರಲಿಲ್ಲ. ಒಂದು ದಿನ ಬೇಳೆ ಸಪ್ಪೆ, ಮರುದಿನ ಬಾಯಿಗಿಡಲಾಗದು. ಮಗಳ ಅರ್ಧ ಸಂಬಳದ ಕೊರತೆ ತುಂಬಲು ಅಪ್ಪ ರಜೆಯ ದಿನದ ಕರೆಗಳನ್ನೂ ಒಪ್ಪಿಕೊಂಡಿದ್ದ. ಗ್ರೀಸಿನ ಕೈಯಲ್ಲಿ ಮನೆಗೆ ಬಂದರೆ ಬಚ್ಚಲಲ್ಲಿ ಸೋಪಿರುತ್ತಿರಲಿಲ್ಲ, ಅದು ಫೋನಿಗೆ ಆಸರೆಯಾಗಿ ಕಿಟಕಿಯಲ್ಲಿರುತ್ತಿತ್ತು.

ಒಂದು ಸಂಜೆ ಉಪ್ಪಿನ ಬೇಳೆಯ ತಟ್ಟೆಯನ್ನು ಅಪ್ಪ ಮುಂದಕ್ಕೆ ತಳ್ಳಿದ.

“ಊರಿನವರೆಲ್ಲ ಬಾಗಿಲಿಗೆ ಬಂದು ಅಂಗಿ ಹೊಲಿಸಿಕೊಂಡು ಹೋದ್ರು. ಯಾರನ್ನೂ ನಾವು ಕರೆದಿರಲಿಲ್ಲ,” ಎಂದ. “ಈಗ ನೋಡಿ ನೋಡಿ ಅಂತ ಬೀದಿಬೀದೀಲಿ ಕೈ ಹಿಡಿದು ಎಳೀತಿದೀವಿ.”

“ಹಾಡು ಅಂಗಿ ಅಲ್ಲಪ್ಪ. ಇದೆ ಅಂತ ಹೇಳದೆ ಯಾರಿಗೆ ಗೊತ್ತಾಗುತ್ತೆ?”

“ಎಷ್ಟು ಜನಕ್ಕೆ ಗೊತ್ತಾಯ್ತು, ಇಷ್ಟು ದಿನದಲ್ಲಿ?”

ಮಗಳು ಫೋನನ್ನು ಮಗುಚಿ ಇಟ್ಟಳು. ಐವತ್ತು ಸಾವಿರದ ಮುಂದೆ ಹೇಳಿಕೊಳ್ಳುವ ಸಂಖ್ಯೆಯಾಗಿರಲಿಲ್ಲ ಅದು. ಅಮ್ಮ ಅಪ್ಪನ ತಟ್ಟೆಗೆ ಒಂದು ಸೌಟು ಅನ್ನ ಹಾಕಿ, ಕಲಸಿಕೊಳ್ಳಿ, ಉಪ್ಪು ಹಂಚಿಹೋಗುತ್ತೆ, ಎಂದಳು. ಆಮೇಲೆ ಮಗಳ ಕಡೆ ತಿರುಗಿ ದಿನವೂ ಕೇಳುವ ಪ್ರಶ್ನೆಯನ್ನೇ ಕೇಳಿದಳು: “ಮೂರನೇ ಚರಣಕ್ಕೆ ಎಷ್ಟು ಜನ ಉಳಿದ್ರು?”

ಅಮ್ಮನಿಗೆ ಒಟ್ಟು ಸಂಖ್ಯೆಯ ಗೊಡವೆ ಇರಲಿಲ್ಲ. ನೋಡುವವರು ಹಾಡಿನ ಯಾವ ಭಾಗದಲ್ಲಿ ಎದ್ದು ಹೋಗುತ್ತಾರೆಂದು ತೋರಿಸುವ ಗೆರೆಯೊಂದು ಮಲಗಿದ್ದರಲ್ಲಿ ಸಿಗುತ್ತದೆ. ಮಗಳು ಅದನ್ನೊಮ್ಮೆ ತೋರಿಸಿದ ಮೇಲೆ ಅವಳ ಕಣ್ಣೆಲ್ಲ ಅದರ ಮೇಲೆ. ಎಡಗಡೆ ಎತ್ತರದಲ್ಲಿ ಶುರುವಾಗಿ ಬಲಕ್ಕೆ ಬರುಬರುತ್ತ ಮಕ್ಕಳ ಜಾರುಬಂಡೆಯಂತೆ ಇಳಿದುಹೋಗುವ ಗೆರೆ. ಮೂರನೆಯ ಚರಣದ ಹೊತ್ತಿಗೆ ಅದು ನೆಲಕ್ಕೆ ಅಂಟಿಕೊಂಡಿರುತ್ತಿತ್ತು.

“ಸ್ವಲ್ಪ ಜನ,” ಎಂದಳು ಮಗಳು.

“ಊಟಕ್ಕೆ ಕರೆದು ಅನ್ನ ಬಡಿಸೋ ಹೊತ್ತಿಗೆ ಎಲ್ಲ ಎದ್ದು ಹೋದ ಹಾಗೆ,” ಎಂದಳು ಅಮ್ಮ. ಬೇಸರದಿಂದಲ್ಲ, ಗಿರಾಕಿಯ ಬಟ್ಟೆಯಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವವಳ ಹಾಗೆ. ಅಪ್ಪ ತಲೆ ತಗ್ಗಿಸಿ ಊಟ ಮುಗಿಸಿದ.

ಅದಾದ ಕೆಲವು ದಿನಕ್ಕೆ ಸಂಖ್ಯೆ ಏರತೊಡಗಿತು.

ಮೊದಲು ಮಗಳು ನಂಬಲಿಲ್ಲ. ಅಂಗಡಿಯಲ್ಲಿ ಗಾಜು ಉಜ್ಜುತ್ತ ಉಜ್ಜುತ್ತ ಒಮ್ಮೆ ನೋಡುವುದು, ಗಿರಾಕಿ ಕನ್ನಡಿ ನೋಡಿಕೊಳ್ಳುತ್ತಿರುವಾಗ ಒಮ್ಮೆ ನೋಡುವುದು. ಪ್ರತಿ ಸಲವೂ ಏರಿರುತ್ತಿತ್ತು. ಮಲಗಿದ್ದರಲ್ಲಿ ಮಾತ್ರ, ಆದರೆ ಎಂಥ ಏರಿಕೆ. ಮುಖಚಿತ್ರ ಬದಲಿಸಿದ್ದು ಫಲ ಕೊಟ್ಟಿತೆಂದು ಅವಳು ಹಿಗ್ಗಿದಳು. ಯಜಮಾನನಿಗೆ ತೋರಿಸಿದಳು, ಬಾಗಿಲಲ್ಲಿ ಸಿಕ್ಕ ಪಕ್ಕದ ಮನೆಯವಳಿಗೆ ತೋರಿಸಿದಳು. ಕೊನೆಗೆ ಅಮ್ಮನಿಗೆ ಗೆರೆಯನ್ನು ತೋರಿಸಿದಾಗ ಅಮ್ಮ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಕನ್ನಡಕ ಸರಿಮಾಡಿಕೊಂಡಳು. ಜಾರುಬಂಡೆ ಇರಲಿಲ್ಲ. ಗೆರೆ ಈ ತುದಿಯಿಂದ ಆ ತುದಿಗೆ ಮೇಜಿನ ಅಂಚಿನಂತೆ ಚಪ್ಪಟೆಯಾಗಿತ್ತು.

“ಅಂದ್ರೆ?”

“ಅಂದ್ರೆ ಬಂದವರೆಲ್ಲ ಕೊನೆವರೆಗೂ ಕೂತಿದಾರೆ.”

“ಎಲ್ಲರೂನಾ?”

“ಹೆಚ್ಚುಕಮ್ಮಿ ಎಲ್ಲರೂ.”

ಆ ಸಂಜೆ ಅಮ್ಮ ಅಂಗಡಿಯ ಬಾಗಿಲನ್ನು ಬೇಗ ಎಳೆದುಕೊಂಡು ತಾನೇ ಒಲೆಯ ಮುಂದೆ ನಿಂತಳು. ಮೊಟ್ಟೆ, ಈರುಳ್ಳಿ, ಬಿಸಿ ಅನ್ನ. ಉಪ್ಪು ಹದವಾಗಿತ್ತು. ಅಡುಗೆ ಮಾಡುತ್ತ ಮೂರನೆಯ ಚರಣವನ್ನು ಗಟ್ಟಿಯಾಗಿ ಹಾಡಿದಳು. ಅಜ್ಜಿ ಚಪ್ಪಾಳೆ ತಟ್ಟಿದಳು. ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ ಅಪ್ಪ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು, ಹೊರಬಂದವನೇ ಹೆಂಡತಿಯ ಮುಖ ನೋಡಿ, “ಏನೇ ಇವತ್ತು ಇಷ್ಟೊಂದು ಕಳೆ?” ಎಂದ. ಅವನ ಮುಖದಲ್ಲೂ ಕಳೆಯಿತ್ತು. ಮಗಳಿಗೆ ಅದು ಆಮೇಲೆ ನೆನಪಾಯಿತು.

ಒಂದು ವಿಷಯ ಮಾತ್ರ ಅವಳಿಗೆ ಉಗುರುಸಂದಿಯ ಮುಳ್ಳಿನಂತೆ ಚುಚ್ಚುತ್ತಿತ್ತು. ಅಷ್ಟು ಜನ ಕೊನೆಯವರೆಗೆ ಕೂತಿದ್ದಾರೆ, ಒಬ್ಬರೂ ಒಂದು ಮಾತು ಬರೆದಿಲ್ಲ. ಚೆನ್ನಾಗಿದೆ ಎಂದಿಲ್ಲ, ಹಾಳಾಗಿದೆ ಎಂದೂ ಇಲ್ಲ. ಮುಳ್ಳನ್ನು ಅಲ್ಲೇ ಬಿಟ್ಟಳು.

ಸಂಖ್ಯೆ ಐವತ್ತು ಸಾವಿರವನ್ನು ಮುಟ್ಟಲು ಇನ್ನೇನು ಒಂದೆರಡು ದಿನ ಎನ್ನುವಾಗ ವಿಡಿಯೊ ಇಲ್ಲವಾಯಿತು. ಅದಿದ್ದ ಜಾಗದಲ್ಲಿ ಬೂದುಬಣ್ಣದ ಒಂದು ಚೌಕ. ಮಿಂಚಂಚೆಯಲ್ಲಿ ತಾಣದವರ ಒಂದು ತಣ್ಣನೆಯ ಪತ್ರ. ಈ ವಿಡಿಯೊಗೆ ಕೃತಕವಾಗಿ ವೀಕ್ಷಣೆ ಸೇರಿಸಲಾಗಿರುವುದರಿಂದ ಇದನ್ನು ತೆಗೆದುಹಾಕಿದ್ದೇವೆ. ಮಗಳು ಅದನ್ನು ಅಂಗಡಿಯಲ್ಲಿ ನಿಂತೇ ಓದಿದಳು. ಕೈಯಲ್ಲಿದ್ದ ಗಾಜು ಯಾರದೋ ಎಡಗಣ್ಣಿನದು, ಬಲಗಡೆಗೆ ಕೂರಿಸಿಬಿಟ್ಟಳು.

ಮೊದಲು ಅನುಮಾನ ಬಂದದ್ದು ಅಜ್ಜಿಯ ಮೇಲೆ. ಅಜ್ಜಿ ಕೂಡಲೇ ಒಪ್ಪಿಕೊಂಡಳು. ದಿನಕ್ಕೊಮ್ಮೆ ಬಟಾಣಿ ಬಿಡಿಸುವಾಗ ಹಾಕುತ್ತೇನೆ, ಎರಡನೇ ಚರಣಕ್ಕೆ ನಿದ್ದೆ ಬಂದುಬಿಡುತ್ತೆ, ಅಷ್ಟಕ್ಕೇ ಹಿಡಿದುಕೊಂಡು ಹೋಗ್ತಾರಾ, ಎಂದು ಗಾಬರಿಯಾದಳು. ಅಲ್ಲ ಅಜ್ಜಿ, ನೀನಲ್ಲ, ಎಂದು ಮಗಳು ಅವಳ ಬೆನ್ನು ಸವರಬೇಕಾಯಿತು.

ಮರುದಿನ ಅಪ್ಪ ಊಟದ ಡಬ್ಬಿ ಮರೆತು ಹೋಗಿದ್ದ. ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೊಟ್ಟುಹೋಗೋಣವೆಂದು, ಅವನು ಆ ವಾರ ದುರಸ್ತಿ ಮಾಡುತ್ತಿದ್ದ ಎತ್ತರದ ಕಟ್ಟಡಕ್ಕೆ ಹೋದಳು. ಲಿಫ್ಟ್ ಬಿಚ್ಚಿ ಹಾಕಿತ್ತು. ಮೆಟ್ಟಿಲು ಹತ್ತಿದಳು. ಕೊನೆಯ ಮಹಡಿಯ ಮೇಲೆ ಕಬ್ಬಿಣದ ಏಣಿ, ಅದರ ಮೇಲೆ ಸಣ್ಣ ಬಾಗಿಲು. ಲಿಫ್ಟನ್ನು ಎಳೆಯುವ ಮೋಟಾರು ಇರುವ ಕೋಣೆ. ಚಿಕ್ಕವಳಿದ್ದಾಗ ಒಮ್ಮೆ ಅಪ್ಪ ಅವಳನ್ನು ಇಂಥದೇ ಕೋಣೆಗೆ ಕರೆದೊಯ್ದು, ಕೆಳಗಿನವರು ತಮ್ಮ ಪಾಡಿಗೆ ಗುಂಡಿ ಒತ್ತುತ್ತಾರೆ, ಎಳೆಯೋದು ಇಲ್ಲಿ, ಎಂದು ತೋರಿಸಿದ್ದ.

ಅಪ್ಪ ಅಲ್ಲಿರಲಿಲ್ಲ. ಪಕ್ಕದ ಕಟ್ಟಡದ ಲಿಫ್ಟಿನ ಮೋಟಾರು ಗೋಡೆಯಾಚೆ ಗುಡುಗುತ್ತಿತ್ತು. ಅವನ ಸಲಕರಣೆಯ ಹಲಗೆಯ ಮೇಲೆ, ಸ್ಪ್ಯಾನರುಗಳನ್ನು ಪಕ್ಕಕ್ಕೆ ಸರಿಸಿ, ಒಂದು ಸಾಲು ಹಳೇ ಫೋನುಗಳನ್ನು ಗೋಡೆಗೆ ಒರಗಿಸಿಟ್ಟಿತ್ತು. ಒಂದರ ಗಾಜು ಸೀಳಿತ್ತು, ಒಂದಕ್ಕೆ ಬೆನ್ನೇ ಇರಲಿಲ್ಲ, ರಬ್ಬರ್ ಬ್ಯಾಂಡು ಸುತ್ತಿತ್ತು. ಎಲ್ಲಕ್ಕೂ ಚಾರ್ಜರಿನ ತಂತಿ. ಎಲ್ಲದರಲ್ಲೂ ಅಮ್ಮ. ಒಂದರಲ್ಲಿ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ಇನ್ನೊಂದರಲ್ಲಿ ಕತ್ತರಿ ಎತ್ತುತ್ತಿದ್ದಳು, ಮತ್ತೊಂದರಲ್ಲಿ ತೋಳುಗಳನ್ನು ಅಗಲಕ್ಕೆ ಚಾಚಿ ನಿಂತು ಬಾಯಿ ತೆರೆದಿದ್ದಳು. ಒಂದರಿಂದಲೂ ದನಿ ಬರುತ್ತಿರಲಿಲ್ಲ. ತಾಣದವರು ವಿಡಿಯೊ ತೆಗೆದುಹಾಕುವ ಮೊದಲೇ ಫೋನುಗಳಲ್ಲಿ ಉಳಿದುಕೊಂಡಿದ್ದ ಪ್ರತಿ, ಈಗ ಯಾವ ಲೆಕ್ಕಕ್ಕೂ ಸೇರದೆ, ತಿರುಗುತ್ತಲೇ ಇತ್ತು.

ಏಣಿಯ ಮೇಲೆ ಬೂಟಿನ ಸದ್ದಾಯಿತು. ಅಪ್ಪ ಮಗಳನ್ನೂ ಹಲಗೆಯನ್ನೂ ನೋಡಿ, ಬಾಗಿಲಲ್ಲೇ ನಿಂತ.

“ಎಷ್ಟು ಕಡೆ ಇಟ್ಟಿದೀಯಪ್ಪ?”

“ನಾಲ್ಕು ಕಟ್ಟಡ,” ಎಂದ. “ಕೆಟ್ಟ ಫೋನು, ಯಾರೂ ಬೇಡ ಅಂದದ್ದು. ನಾನೇ ಸರಿಮಾಡಿದೆ.” ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸುತ್ತ ಮುಂದುವರಿಸಿದ, “ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ ಪುಟ್ಟಾ. ಎಲ್ಲರೂ ಎದ್ದು ಹೋಗ್ತಾರೆ ಅಂತ ನಿಮ್ಮಮ್ಮ ಅಂದ್ಲಲ್ಲ, ಇವು ಎದ್ದು ಹೋಗಲ್ಲ.”

ಮಗಳು ಬೈಯಲೆಂದೇ ತೆರೆದ ಬಾಯಿಂದ ಬೇರೆಯೇ ಪ್ರಶ್ನೆ ಬಂತು. “ಶಬ್ದ ಯಾಕೆ ತೆಗೆದಿದೀಯ?”

“ಬ್ಯಾಟರಿ ಉಳಿಯುತ್ತೆ. ಕಾವಲಿನವನಿಗೂ ಕೇಳಿಸಬಾರದಲ್ಲ.”

ಅವಳು ಡಬ್ಬಿಯನ್ನು ಅಲ್ಲೇ ಇಟ್ಟು ಇಳಿದು ಹೋದಳು.

ರಾತ್ರಿಯ ಊಟಕ್ಕೆ ಅಪ್ಪನೇ ಹೇಳಿದ. ತಟ್ಟೆ ಮುಟ್ಟದೆ, ಗೋಡೆ ನೋಡಿಕೊಂಡು, ರಿಪೇರಿಯ ವರದಿ ಒಪ್ಪಿಸುವ ಹಾಗೆ ಎಲ್ಲವನ್ನೂ ಹೇಳಿದ. ಅಜ್ಜಿ ಹಣೆ ಚಚ್ಚಿಕೊಂಡು, ಲೋ, ಕಾಲುಚೀಲ ಹುಡುಕೋಕೆ ಬಾರದವನು ಇಷ್ಟೆಲ್ಲ ಹೇಗೆ ಜೋಡಿಸಿದೆಯೋ, ಎಂದಳು. ಯಾರೂ ನಗಲಿಲ್ಲ. ಮಗಳು, ಇಷ್ಟು ವಾರಗಳ ಕೆಲಸ ಮಣ್ಣುಪಾಲಾಯಿತೆಂದು, ಇನ್ನು ಉಳಿದಿರುವುದು ಮೂರು ವಾರವೆಂದು ಹೇಳುತ್ತ ಹೋದಳು. ಅಮ್ಮ ಎಲ್ಲ ಕೇಳಿಸಿಕೊಂಡು ಗಂಡನ ಕಡೆ ತಿರುಗಿದಳು.

“ಮೂರನೇ ಚರಣ ಹೇಳ್ರಿ,” ಎಂದಳು.

ಅಪ್ಪ ಅವಳನ್ನೇ ನೋಡಿದ.

“ಹಾಡಬೇಡಿ. ಏನಿದೆ ಅದರಲ್ಲಿ, ಹೇಳಿ ಸಾಕು. ಅಷ್ಟು ಸಾವಿರ ಸಲ ತಿರುಗಿಸಿದೀರಲ್ಲ.”

ಅಪ್ಪ ಬೆರಳಿನಿಂದ ನೆಲದ ಮೇಲೆ ಗೀಟೆಳೆದ. ಸೂಜಿ ಎಂದ. ಅದು ಪಲ್ಲವಿ, ಎಂದಳು ಅಮ್ಮ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಳಗೆ ಹೋದಳು.

ಅಂದಿನಿಂದ ಯಂತ್ರದಿಂದ ಯಂತ್ರದ ಶಬ್ದ ಮಾತ್ರ ಬರುತ್ತಿತ್ತು. ಗಿರಾಕಿಗಳು ಹುಷಾರಿಲ್ಲವಾ ಎಂದು ಕೇಳಿದರು. ಅಜ್ಜಿ ಮನೆ ಆಸ್ಪತ್ರೆಯಾಗಿದೆ ಎಂದು ಗೊಣಗಿದಳು. ಮಗಳು ಮಾತ್ರ ಕೈಕಟ್ಟಿ ಕೂರಲಿಲ್ಲ. ಸಭಾಂಗಣಕ್ಕೆ ಫೋನು ಮಾಡಿ ವಿಚಾರಿಸಿದಳು. ವಿಡಿಯೊ ಹೊಸದಾದರೂ ಅಡ್ಡಿಯಿಲ್ಲ, ಗಡುವಿನೊಳಗೆ ಸಂಖ್ಯೆ ಇರಬೇಕು ಎಂದರು. ಹಾಡನ್ನು ಮತ್ತೆ ಹಾಕಿದಳು. ಸೊನ್ನೆಯಿಂದ. ನಿಂತಿದ್ದಕ್ಕೆ ಹೊಸ ಚೂರುಗಳು, ಚೌಕದ್ದಕ್ಕೆ ಹೊಸ ದಾರದ ಅಕ್ಷರ. ಅಮ್ಮ ಹೊಲಿದುಕೊಡದಿದ್ದರೆ ತಾನೇ ಹೊಲಿದಳು, ವಕ್ರವಕ್ರವಾಗಿ. ಎರಡು ದಿನ ಅದನ್ನು ನೋಡಲಾರದೆ ನೋಡಿ, ಮೂರನೆಯ ದಿನ ಅಮ್ಮ ಬಟ್ಟೆಯನ್ನು ಅವಳ ಕೈಯಿಂದ ಕಿತ್ತುಕೊಂಡಳು.

“ಇದನ್ನ ನೋಡಿದವರು ನನ್ನ ಅಂಗಡಿಗೆ ಬರ್ತಾರಾ? ಕೊಡು ಇಲ್ಲಿ.”

ಅಪ್ಪ ಕಿವಿಗೆ ತಂತಿ ಸಿಕ್ಕಿಸಿಕೊಂಡು ಓಡಾಡಲು ಶುರುಮಾಡಿದ್ದು ಆ ವಾರವೇ. ಊಟಕ್ಕೆ ಕೂತಾಗ ತೆಗೆಯುತ್ತಿದ್ದ, ಎದ್ದ ಕೂಡಲೇ ಹಾಕಿಕೊಳ್ಳುತ್ತಿದ್ದ. ಏನು ಕೇಳುತ್ತೀ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಒಗೆದ ಬಟ್ಟೆ ಹರವಲು ತೋಳೆತ್ತಿ ನಿಂತಿದ್ದಾಗ ಅವನು ಅಂಗಡಿಯಿಂದ ಅಳತೆಯ ಟೇಪು ತೆಗೆದುಕೊಂಡು ಬಂದ.

“ಹಾಗೇ ನಿಲ್ಲು,” ಎಂದ. “ಕೈ ಇಳಿಸಬೇಡ.”

ಟೇಪಿನ ತುದಿಯನ್ನು ಅವಳ ಭುಜದ ಮೇಲಿಟ್ಟು ಮಣಿಕಟ್ಟಿನವರೆಗೆ ಎಳೆದ. ಅಂಕಿ ಕಾಣಲೆಂದು ಕಣ್ಣು ಕಿರಿದು ಮಾಡಿದ. ಟೇಪನ್ನು ತಿರುಗಿಸಿ ಮತ್ತೆ ಹಿಡಿದ. ಮೂರನೆಯ ಚರಣ ಇದ್ದದ್ದು ಹೀಗೆ:

ಊರಿಗೆಲ್ಲ ಅಳತೆ ಹಿಡಿದೆ, ನನ್ನ ಅಳತೆ ಯಾರಲಿ?
ತೋಳು ಚಾಚಿ ನಿಂತೆ ನೋಡು, ಟೇಪು ಯಾರ ಕೈಯಲಿ?

ಅಮ್ಮನ ಹೆಗಲ ಮೇಲಿದ್ದ ಒದ್ದೆ ಬಟ್ಟೆಯಿಂದ ಅಪ್ಪನ ಕಾಲಿನ ಮೇಲೆ ನೀರು ತೊಟ್ಟಿಕ್ಕಿತು. “ಏನ್ರೀ ಇದು, ನನ್ನ ಅಳೀತಿದೀರೋ, ಲಿಫ್ಟಿನ ಹಗ್ಗ ಅಳೀತಿದೀರೋ,” ಎಂದಳು. “ಟೇಪು ತಲೆಕೆಳಗಾಗಿದೆ.” ಆದರೆ ಅಳತೆ ಮುಗಿಯುವವರೆಗೆ ಕೈ ಇಳಿಸಲಿಲ್ಲ. ಆ ಮಧ್ಯಾಹ್ನ ಯಂತ್ರದ ಜೊತೆ ಗುನುಗು ಕೇಳಿಸಿತು, ಸಣ್ಣಗೆ.

ಬೋರ್ಡಿನ ಯೋಚನೆ ಅಪ್ಪನದು. ಹಾಡಿಗೆ ನೇರವಾಗಿ ಹೋಗುವ ಆ ಕಪ್ಪುಬಿಳಿ ಚೌಕವನ್ನು, ಕ್ಯೂಆರ್ ಕೋಡನ್ನು, ಒಂದಿಷ್ಟು ಮುದ್ರಿಸಿ ಕೊಡು ಎಂದ. ಲಿಫ್ಟಿನೊಳಗೆ ಅಂಟಿಸ್ತೀಯಾ ಎಂದು ಮಗಳು ಕೇಳಿದಳು.

“ಒಳಗೆ ನೆಟ್‌ವರ್ಕ್ ಎಲ್ಲಿ ಸಿಗುತ್ತೆ? ಜನ ನನ್ನನ್ನ ಬೈಯೋ ಜಾಗದಲ್ಲಿ ಹಾಕ್ತೀನಿ.”

ಲಿಫ್ಟ್ ಬಿಚ್ಚುವ ದಿನ ಕೆಳಗೆ ನಿಲ್ಲಿಸುವ ಹಳದಿ ಬೋರ್ಡು ಅವನ ಬಳಿ ಮೊದಲಿನಿಂದ ಇತ್ತು. ಅದರ ಮೇಲಿನ ‘ದುರಸ್ತಿಯಲ್ಲಿದೆ, ಮೆಟ್ಟಿಲು ಬಳಸಿ’ ಎಂಬುದರ ಕೆಳಗೆ, ಕಟ್ಟಡದವರ ಒಪ್ಪಿಗೆ ಪಡೆದು, ಮಗಳ ಕೈಯಲ್ಲಿ ಒಂದು ಸಾಲು ಬರೆಸಿದ: ‘ಹತ್ತುವಾಗ ಕೇಳಲು ಒಂದು ಹಾಡು. ಶಬ್ದ ಹಾಕಿಕೊಳ್ಳಿ.’ ಅದರ ಕೆಳಗೆ ಚೌಕ.

ಸಂಖ್ಯೆ ಮೊದಲಿನಂತೆ ಹಾರಲಿಲ್ಲ. ನಡೆಯಿತು, ಮೆಟ್ಟಿಲು ಹತ್ತುವವರ ವೇಗದಲ್ಲೇ. ಆದರೆ ಈ ಸಲ ಮಾತುಗಳು ಬಂದವು. ಹಾಲಿನ ಪೊಟ್ಟಣ ಹಿಡಿದು ಆರನೇ ಮಹಡಿ ಹತ್ತಿದೆ, ಬಾಗಿಲು ಬಂತು, ಹಾಡು ಮುಗಿದಿರಲಿಲ್ಲ, ಮೆಟ್ಟಿಲ ಮೇಲೆ ಕೂತು ಮುಗಿಸಿದೆ, ಎಂದು ಒಬ್ಬರು ಬರೆದರು. ಲಿಫ್ಟ್ ಸರಿಯಾಯಿತು, ಬೇಸರವಾಯಿತು, ಎಂದು ಇನ್ನೊಬ್ಬರು. ಮತ್ತೊಬ್ಬಳು ತನ್ನ ತಾಯಿಯ ಬ್ಲೌಸಿನ ಅಳತೆ ಇನ್ನೂ ಚೀಟಿಯಲ್ಲಿದೆ, ತಾಯಿ ಇಲ್ಲ, ಎಂದಷ್ಟೇ ಬರೆದಿದ್ದಳು. ಮಗಳು ಊಟದ ಹೊತ್ತಿಗೆ ಇವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಮ್ಮ ಆ ಕೊನೆಯದನ್ನು ಮತ್ತೊಮ್ಮೆ ಓದಿಸಿದಳು. ಗೆರೆ ಈಗಲೂ ಜಾರುತ್ತಿತ್ತು, ಆದರೆ ತುದಿಯಲ್ಲಿ ನೆಲ ಮುಟ್ಟುತ್ತಿರಲಿಲ್ಲ. ಮೂರನೆಯ ಚರಣದಲ್ಲಿ ಒಂದು ಸಣ್ಣ ಜಗಲಿಯಂತೆ ನಿಂತಿತ್ತು.

ಆದರೂ ಗಡುವಿಗೆ ವಾರ ಉಳಿದಾಗ ಅರ್ಧ ದಾರಿಯೂ ಆಗಿರಲಿಲ್ಲ. ಮಗಳಿಗೆ ಅದು ಗೊತ್ತಿತ್ತು. ಮುಂದಿನ ವಾರದಿಂದ ಪೂರ್ತಿ ದಿನ ಬರಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಕನ್ನಡಕದ ಯಜಮಾನನೂ ಹೇಳಿದ್ದ.

ಆಗ ಪ್ರಚಾರದವನೊಬ್ಬ ಬಂದ.

ಸಂಜೆಯ ಚಹಾದ ಹೊತ್ತು. ಎಣ್ಣೆ ಹಚ್ಚಿ ಬಾಚಿದ ಕೂದಲು, ಇಸ್ತ್ರಿ ಅಂಗಿ, ಕೈಯಲ್ಲಿ ಎರಡು ಫೋನು. ತಾನಿರುವ ಕಟ್ಟಡದ ಹಳದಿ ಬೋರ್ಡಿನಿಂದ ಹಾಡನ್ನು ಕಂಡುಕೊಂಡನಂತೆ. ಯೋಚನೆ ಅದ್ಭುತ ಅಂಕಲ್, ಆದರೆ ಮೆಟ್ಟಿಲು ಹತ್ತಿಸಿ ಎಷ್ಟು ಜನರನ್ನ ತರ್ತೀರಿ, ಎಂದು ನಗುತ್ತ ಅಪ್ಪನ ಪಕ್ಕ ಕೂತ. ಮುಂದಿನ ಕೋಣೆಯಲ್ಲಿ ಅಮ್ಮ ಹೊಲಿಯುತ್ತಿದ್ದಳು. ನಡುವಿನ ಬಾಗಿಲು ತೆರೆದೇ ಇತ್ತು.

ತನ್ನ ಸಂಸ್ಥೆ ಹಾಡುಗಳನ್ನು ಮೇಲೆತ್ತುವ ಕೆಲಸ ಮಾಡುತ್ತದೆಂದು ವಿವರಿಸಿದ. ಶುಕ್ರವಾರದೊಳಗೆ ಮೂರೂ ತಾಣ ಸೇರಿ ಐವತ್ತೈದು ಸಾವಿರ. ದುಡ್ಡು ಬೇಡ, ಅಮ್ಮ ವೇದಿಕೆ ಹತ್ತಿದಾಗ ಹಿಂದಿನ ಪರದೆಯ ಮೇಲೆ ಸಂಸ್ಥೆಯ ಹೆಸರು ಬಂದರೆ ಸಾಕು. ಮಗಳು ಹಳೆಯ ಪತ್ರದ ವಿಷಯ ಎತ್ತಿದಳು. ಮತ್ತೆ ತೆಗೆದುಹಾಕಿದರೆ?

“ಅದು ಗೊತ್ತಿಲ್ಲದವರು ಮಾಡಿದ್ದು,” ಎಂದ ಪ್ರಚಾರದವನು. ಅಪ್ಪ ಚಹಾದ ಲೋಟದೊಳಗೆ ನೋಡಿದ. “ನಮ್ಮಲ್ಲಿ ಸಾವಿರಾರು ಫೋನ್ ಇವೆ. ಒಂದೊಂದು ಒಂದೊಂದು ಊರಿಂದ ನೋಡಿದ ಹಾಗೆ ಕಾಣುತ್ತೆ. ಯಾರಪ್ಪನಿಂದಲೂ ಹಿಡಿಯೋಕಾಗಲ್ಲ. ಹೂಂ ಅನ್ನಿ ಮೇಡಂ, ಈಗಲೇ ಶುರು.”

ಮಗಳ ಕಣ್ಣ ಮುಂದೆ ವೇದಿಕೆ ಬಂತು. ಬೆಳಕು, ಸಾಲಾಗಿ ಕೂತ ವಾದ್ಯದವರು, ನಡುವೆ ಅಮ್ಮ. ವೇದಿಕೆ ಹತ್ತಿದ ಮೇಲೆ ಎದುರಿಗೆ ಕೂರುವವರು ಫೋನುಗಳಲ್ಲ, ಮನುಷ್ಯರೇ ಅಲ್ಲವೇ. ಅವರಂತೂ ಮೂರನೆಯ ಚರಣಕ್ಕೆ ಎದ್ದು ಹೋಗುವುದಿಲ್ಲ. ಒಂದು ಹೂಂ. ಅದು ನಾಲಿಗೆಯ ತುದಿಗೆ ಬಂದಿತ್ತು. ಒಪ್ಪಿಗೆ ಒತ್ತಲೆಂದು ಅವನು ಮುಂದಕ್ಕೆ ಹಿಡಿದ ಫೋನಿನ ಕಡೆ ಅವಳ ಕೈಯೂ ಹೊರಟಿತ್ತು.

“ಒಂದು ಮಾತು ಕೇಳಲಾ?” ಎಂದ ಅಪ್ಪ.

“ಕೇಳಿ ಅಂಕಲ್.”

“ಆ ಫೋನುಗಳಿಗೆ ಶಬ್ದ ಇರುತ್ತಾ?”

ಪ್ರಚಾರದವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಶಬ್ದ ಯಾಕೆ ಅಂಕಲ್? ಒಂದೇ ಹಾಲಿನಲ್ಲಿ ಸಾವಿರ ಫೋನು. ಶಬ್ದ ಹಾಕಿದ್ರೆ ಅಲ್ಲಿ ಕೂತ ಹುಡುಗರಿಗೆ ತಲೆ ಕೆಟ್ಟುಹೋಗುತ್ತೆ.”

ಮೂಲೆಯಿಂದ ಅಜ್ಜಿ ಕೆಮ್ಮಿದಳು. ಕೆಮ್ಮೋ ನಗುವೋ ತಿಳಿಯಲಿಲ್ಲ. ಅಪ್ಪ ಲೋಟ ಕೆಳಗಿಟ್ಟ.

“ಹಾಗಾದ್ರೆ ಬೇಡ.”

ಪ್ರಚಾರದವನು ಮಗಳ ಕಡೆ ನೋಡಿದ. ಮಗಳ ಕೈ ಫೋನಿಗೂ ಮಡಿಲಿಗೂ ನಡುವೆ ನಿಂತಿತ್ತು. ಅವನು ದನಿ ಎತ್ತರಿಸಿ, ಹಾಡು ಅಂಕಲ್‌ದಲ್ಲವಲ್ಲ, ಹಾಡಿದವರನ್ನೇ ಕೇಳೋಣ, ಎಂದು ಮುಂದಿನ ಕೋಣೆಯ ಕಡೆ ತಿರುಗಿದ.

“ಆಂಟಿ, ಕೇಳಿಸ್ತಾ? ಐವತ್ತೈದು ಸಾವಿರ. ಶುಕ್ರವಾರ. ದೊಡ್ಡ ಸ್ಟೇಜು. ನೀವು ಬರೀ ಹೂಂ ಅಂದ್ರೆ ಸಾಕು.”

ಪೆಡಲ್ಲು ನಿಲ್ಲಲಿಲ್ಲ. ಚಕ್ರದ ಸದ್ದಿನ ಮೇಲಿಂದ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡವಳ ದನಿಯಲ್ಲಿ, ಅಮ್ಮ ಅಂದಳು:

“ಬೇಡ.”